ಡೀಸೆಲ್ ಗಾಡಿ ಬುಕ್ ಮಾಡುವ ಮುಂಚೆ ಹಳೇ ಗಾಡಿಯ ಮೀಟರ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ದಿನಾ ಚಿನ್ನ, ಬೆಳ್ಳಿ ದರದ ಪಕ್ಕದಲ್ಲೇ ಪೆಟ್ರೋಲ್, ಡೀಸೆಲ್ ದರ ಹಾಕುತ್ತೀರಲ್ಲ, ಆ ಪುಟ್ಟ ಚೌಕದ ಬಗ್ಗೆಯೇ ಈ ಪತ್ರ.

ಹೋದ ಭಾನುವಾರ ನನ್ನ ಬಾಮೈದ ಮನೆಗೆ ಬಂದಿದ್ದ. 2025ರ ಸೆಪ್ಟೆಂಬರ್ 22ರಿಂದ ಕಾರುಗಳ ಜಿಎಸ್‌ಟಿ ಇಳಿದಿದ್ದೇ ಇಳಿದಿದ್ದು, ಅವನಿಗೆ ಹೊಸ ಗಾಡಿ ಹುಚ್ಚು ಹಿಡಿದಿದೆ. ಕಾಫಿ ಕುಡಿಯುತ್ತಾ ಪೇಪರ್ ತಿರುವಿ, ಆ ಚೌಕದ ಮೇಲೆ ಬೆರಳಿಟ್ಟು, "ಭಾವ, ಇಲ್ನೋಡಿ, ಡೀಸೆಲ್ ಲೀಟರಿಗೆ 12 ರೂಪಾಯಿ ಕಮ್ಮಿ. ಮೈಲೇಜೂ ಜಾಸ್ತಿ. ಡೀಸೆಲ್ ಗಾಡಿನೇ ಬುಕ್ ಮಾಡ್ತೀನಿ" ಅಂದ. ನಾನು ಎರಡು ಡೀಸೆಲ್ ಗಾಡಿ ಇಟ್ಟುಕೊಂಡು, ಈಗ ಪೆಟ್ರೋಲ್ ಗಾಡಿ ಓಡಿಸುತ್ತಿರುವವನು. ಮೊದಲನೇ ಡೀಸೆಲ್‌ನಲ್ಲಿ ದುಡ್ಡು ಉಳಿಸಿದೆ, ಎರಡನೇದರಲ್ಲಿ ಕಳೆದುಕೊಂಡೆ. ಹಾಗಾಗಿ ಅವನಿಗೆ ಸುಮ್ನೆ ಹೂಂ ಅನ್ನಲು ಆಗಲಿಲ್ಲ. ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಕೂತು ಹಾಕಿದ ಲೆಕ್ಕವನ್ನು ನಿಮ್ಮ ಓದುಗರ ಮುಂದೂ ಇಡಬೇಕು ಅನ್ನಿಸಿತು, ಯಾಕೆಂದರೆ ಇದೇ ತಪ್ಪನ್ನು ನಮ್ಮ ಬೀದಿಯಲ್ಲೇ ಇನ್ನೂ ಮೂರು ಮನೆಯವರು ಮಾಡಲು ಹೊರಟಿದ್ದಾರೆ.

ಮೊದಲು ಹಳೇ ಕತೆ ಹೇಳುತ್ತೇನೆ. ಡೀಸೆಲ್ ಅಂದರೆ ಉಳಿತಾಯ ಅನ್ನುವ ನಂಬಿಕೆ ನಮ್ಮ ಜನಕ್ಕೆ ಸುಮ್ಮನೆ ಬಂದದ್ದಲ್ಲ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಸರ್ಕಾರ ತನ್ನ ಹಿಡಿತದಿಂದ ಬಿಟ್ಟಿತು, ಆದರೆ ಡೀಸೆಲನ್ನು ಬಿಡಲಿಲ್ಲ. ಲಾರಿ, ಬಸ್ಸು, ರೈತರ ಟ್ರ್ಯಾಕ್ಟರ್, ಪಂಪ್‌ಸೆಟ್ ಎಲ್ಲಾ ಅದರ ಮೇಲೆ ಓಡುತ್ತಿದ್ದವು ಅಂತ ಸಬ್ಸಿಡಿ ಕೊಟ್ಟು ಕೆಳಗೇ ಇಟ್ಟಿತ್ತು. 2012ರ ಮೇ ತಿಂಗಳಲ್ಲಿ ಪೆಟ್ರೋಲ್ ಒಂದೇ ಏಟಿಗೆ ಏಳು ರೂಪಾಯಿಗಿಂತ ಜಾಸ್ತಿ ಏರಿದಾಗ ಎರಡರ ನಡುವಿನ ಅಂತರ ಲೀಟರಿಗೆ 30 ರೂಪಾಯಿ ದಾಟಿತ್ತು. ನಾನು ಮೊದಲನೇ ಡೀಸೆಲ್ ಕಾರು ತಗೊಂಡಿದ್ದು ಅದೇ ವರ್ಷದ ದೀಪಾವಳಿಗೆ. ಆಗ ಫಿಯಟ್‌ನವರ 1.3 ಲೀಟರ್ ಡೀಸೆಲ್ ಎಂಜಿನ್ ಮಾರುತಿಯಲ್ಲೂ ಇತ್ತು, ಟಾಟಾದಲ್ಲೂ ಇತ್ತು, ಬೀದಿ ಬೀದಿಯಲ್ಲೂ ಅದರದೇ ಸದ್ದು. ನನ್ನ ಆಫೀಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮನೆ ನಾಗರಭಾವಿಯಲ್ಲಿ. ನೈಸ್ ರಸ್ತೆಯಲ್ಲಿ ಹೋಗಿ ಬರುವುದಕ್ಕೆ ದಿನಾ 60 ಕಿ.ಮೀ. ಅದರ ಮೇಲೆ ತಿಂಗಳಿಗೆ ಒಂದು ಸಲ ಊರು, ತಿಪಟೂರಿಗೆ. ವರ್ಷಕ್ಕೆ 20 ಸಾವಿರ ಕಿ.ಮೀ. ಸಲೀಸಾಗಿ ಆಗುತ್ತಿತ್ತು. ಎಂಟು ವರ್ಷ ಓಡಿಸಿದೆ. ಆ ಗಾಡಿ ನನಗೆ ಕೊಟ್ಟ ಕಾಸಿನ ಮೇಲೆ ಕಾಸು ವಾಪಸ್ ಕೊಟ್ಟಿತು. ಅದನ್ನು ಕೊಂಡಿದ್ದಕ್ಕೆ ಇವತ್ತಿಗೂ ನನಗೆ ಬೇಸರ ಇಲ್ಲ.

ಆದರೆ ಆ ಗಾಡಿ ಓಡಿಸುತ್ತಿರುವಾಗಲೇ ಕಾಲ ಒಳಗೊಳಗೇ ಬದಲಾಗುತ್ತಿತ್ತು. 2013ರ ಜನವರಿಯಿಂದ ಡೀಸೆಲ್ ಮೇಲೆ ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುತ್ತಾ ಬಂದರು. 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. 2017ರ ಜೂನ್ 16ರಿಂದ ದರ ದಿನಾ ಬದಲಾಗುವ ಪದ್ಧತಿ ಬಂತು, ನಿಮ್ಮ ಚೌಕ ದಿನಾ ಬೇಕಾಗಿದ್ದೂ ಆಗಿನಿಂದಲೇ. 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಡೀಸೆಲ್ಲೇ ನೂರು ರೂಪಾಯಿ ದಾಟಿತು, ನೆನಪಿದೆಯಲ್ವಾ? ಆಮೇಲೆ ಕೇಂದ್ರ, ರಾಜ್ಯ ಎರಡೂ ತೆರಿಗೆ ಇಳಿಸಿ ಸ್ವಲ್ಪ ಕೆಳಗೆ ಬಂತು. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಪೆಟ್ರೋಲ್, ಡೀಸೆಲ್ ಎರಡರ ಮಾರಾಟ ತೆರಿಗೆಯನ್ನೂ ಏರಿಸಿತು. 2025ರ ಏಪ್ರಿಲ್ 1ಕ್ಕೆ ಮತ್ತೆ ಏರಿಸಿದ್ದು ಡೀಸೆಲ್ ಒಂದರದು ಮಾತ್ರ, ಶೇ 18.44 ಇದ್ದದ್ದು ಶೇ 21.17 ಆಯಿತು. ಹಾಗಾಗಿ ಸುಮಾರು 14 ರೂಪಾಯಿ ಇದ್ದ ಅಂತರ ಒಂದೇ ವರ್ಷದೊಳಗೆ 12ಕ್ಕೆ ಬಂತು. 2025ರಲ್ಲಿ ಪೆಟ್ರೋಲ್ 103ರ ಹತ್ತಿರ, ಡೀಸೆಲ್ 91ರ ಹತ್ತಿರ ಇತ್ತು. ಬಾಮೈದ ಬೆರಳಿಟ್ಟು ತೋರಿಸಿದ 12 ರೂಪಾಯಿ ಇದೇ. ಒಂದು ಆದೇಶ ಹೊರಟರೆ ಅದು 9 ಆಗಬಹುದು, 15 ಆಗಬಹುದು. ಹತ್ತು ವರ್ಷ ಇಟ್ಟುಕೊಳ್ಳುವ ಗಾಡಿಯನ್ನು ಇಂಥ ಅಂತರ ನಂಬಿಕೊಂಡು ತಗೋತೀವಿ.

ಈಗ ಗಾಡಿಯ ಬೆಲೆಗೆ ಬರೋಣ. ಇಲ್ಲಿಯೇ ಜಾಸ್ತಿ ಜನ ಎಡವುವುದು.

2020ರ ಏಪ್ರಿಲ್ 1ರಿಂದ, ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಪೆಟ್ರೋಲ್ ಎಂಜಿನ್ ಆ ನಿಯಮಕ್ಕೆ ಹೊಂದಿಕೊಳ್ಳಲು ಹೆಚ್ಚು ಖರ್ಚಾಗಲಿಲ್ಲ. ಡೀಸೆಲ್‌ಗೆ ಮಾತ್ರ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬೇಕು, ನೈಟ್ರೋಜನ್ ಆಕ್ಸೈಡ್ ಇಳಿಸುವ ಇನ್ನೊಂದು ವ್ಯವಸ್ಥೆ ಬೇಕು, ಅದಕ್ಕೆಲ್ಲಾ ಸೆನ್ಸರ್‌ಗಳು ಬೇಕು. ಕೆಲವು ಗಾಡಿಗಳಿಗೆ ಆಡ್‌ಬ್ಲೂ ಅನ್ನುವ ಯೂರಿಯಾ ನೀರನ್ನೂ ಬೇರೆ ಟ್ಯಾಂಕ್‌ಗೆ ಆಗಾಗ ತುಂಬಿಸಬೇಕು. ಸಣ್ಣ ಕಾರಿಗೆ ಇದೆಲ್ಲಾ ಹಾಕಿ ಮಾರಿದರೆ ಗಿಟ್ಟುವುದಿಲ್ಲ ಅಂತಲೇ ಮಾರುತಿಯವರು ಅದೇ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ದೇಶದಲ್ಲಿ ಎಲ್ಲರಿಗಿಂತ ಜಾಸ್ತಿ ಕಾರು ಮಾರುವವರೇ ಕೈಬಿಟ್ಟರು ಅಂದರೆ ಕೊಳ್ಳುವವರೂ ಒಂದು ನಿಮಿಷ ನಿಂತು ಯೋಚಿಸಬೇಕಿತ್ತು. ನಾನು ಯೋಚಿಸಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಬಾಮೈದ ನೋಡಿಟ್ಟ ಗಾಡಿಯ ಉದ್ದ ನಾಲ್ಕು ಮೀಟರ್ ಒಳಗೆ. ಅವನು ಬರೆದುಕೊಂಡು ಬಂದಿದ್ದ ಎಕ್ಸ್‌ಶೋರೂಂ ಬೆಲೆ, ಅಂದರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ, ಪೆಟ್ರೋಲ್‌ಗೆ 9.60 ಲಕ್ಷ, ಡೀಸೆಲ್‌ಗೆ 11 ಲಕ್ಷ. ಜಿಎಸ್‌ಟಿ ಈಗ ಆ ಅಳತೆಯ ಎರಡಕ್ಕೂ ಶೇ 18, ಅಲ್ಲಿ ತಕರಾರಿಲ್ಲ. ವ್ಯತ್ಯಾಸ 1.40 ಲಕ್ಷ ಅಂತ ಅವನ ತಲೆಯಲ್ಲಿತ್ತು. ಆದರೆ ಗಾಡಿ ಕೊಳ್ಳುವಾಗ ಒಂದೇ ಸಲ ಕಟ್ಟುವ ನಮ್ಮ ಕರ್ನಾಟಕದ ಜೀವಾವಧಿ ತೆರಿಗೆಗೆ ಹಂತಗಳಿವೆ. ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14. ಹತ್ತು ಲಕ್ಷ ದಾಟಿದರೆ ಶೇ 17. ಅದೂ ಹತ್ತರ ಮೇಲಿನ ಒಂದು ಲಕ್ಷಕ್ಕೆ ಮಾತ್ರ ಅಲ್ಲ, ಪೂರ್ತಿ ಹನ್ನೊಂದು ಲಕ್ಷಕ್ಕೂ. ಆದಾಯ ತೆರಿಗೆ ಥರ ಹಂತ ಹಂತವಾಗಿ ಹಾಕುತ್ತಾರೆ ಅಂದುಕೊಂಡವರು ಸುಮಾರು ಜನ ಇದ್ದಾರೆ, ಹಾಗಲ್ಲ. ಪೆಟ್ರೋಲ್ ಗಾಡಿಗೆ ತೆರಿಗೆ 1,34,400 ರೂಪಾಯಿ. ಡೀಸೆಲ್‌ಗೆ 1,87,000. ವ್ಯತ್ಯಾಸ 52,600, ಅದರ ಮೇಲೆ ಸೆಸ್ ಬೇರೆ. ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಭಾಗ ಎಂಜಿನ್ ಸಿಸಿ ನೋಡಿ ಹಾಕುವುದು, ಸಾವಿರದಿಂದ 1,500 ಸಿಸಿ ಒಳಗಿದ್ದರೆ ಎರಡಕ್ಕೂ ಒಂದೇ. ಆದರೆ ಗಾಡಿಯ ಬೆಲೆ ಮೇಲೆ ಹೋಗುವ ಭಾಗ ಡೀಸೆಲ್‌ಗೆ ಜಾಸ್ತಿಯೇ. ಎಲ್ಲಾ ಕೂಡಿದರೆ ಗಾಡಿ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಎರಡರ ನಡುವೆ ಎರಡು ಲಕ್ಷ ರೂಪಾಯಿ ವ್ಯತ್ಯಾಸ. 1.40 ಅಲ್ಲ, ಎರಡು.

"ಸರಿ, ಎರಡೇ ಆಗ್ಲಿ. ತಿಂಗಳಿಗೆ 1,500 ಕಿ.ಮೀ. ಓಡಿಸ್ತೀನಿ ಭಾವ, ಎಷ್ಟು ದಿನದಲ್ಲಿ ವಾಪಸ್ ಬರಲ್ಲ ಅದು" ಅಂದ.

ನಾನು ಅವನನ್ನು ಕೆಳಗೆ ಕರೆದುಕೊಂಡು ಹೋಗಿ ಅವನ ಈಗಿನ ಕಾರಿನ ಮೀಟರ್ ನೋಡಿಸಿದೆ. 2016ರ ಗಾಡಿ. ಒಂಬತ್ತು ವರ್ಷಕ್ಕೆ 63 ಸಾವಿರ ಕಿ.ಮೀ. ಅಂದರೆ ವರ್ಷಕ್ಕೆ ಏಳು ಸಾವಿರ, ತಿಂಗಳಿಗೆ 600 ಕೂಡ ಇಲ್ಲ. ಅವನಿಗೇ ಆಶ್ಚರ್ಯ ಆಯಿತು. ಸುಳ್ಳು ಹೇಳಿದ್ದಲ್ಲ ಅವನು. ಮನೆ ರಾಜಾಜಿನಗರ, ಕೆಲಸ ಪೀಣ್ಯ. ಆ ಚೂರು ದೂರ ಹೋಗಿ ಬರಲು ದಿನಾ ಒಂದೂವರೆ ಗಂಟೆ ಗಾಡಿಯಲ್ಲೇ ಕೂತಿರುತ್ತಾನೆ, ಹಾಗಾಗಿ ತುಂಬಾ ಓಡಿಸುತ್ತಿದ್ದೀನಿ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಎಲ್ಲರಿಗೂ ಆಗುವುದು ಇದೇ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2023ರ ಲೆಕ್ಕದಲ್ಲಿ ನಮ್ಮ ಊರಲ್ಲಿ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ. ಅದು ಸರಾಸರಿ. ಸಂಜೆ ಆರು ಗಂಟೆಗೆ ಗೊರಗುಂಟೆಪಾಳ್ಯದಲ್ಲೋ ಸಿಲ್ಕ್ ಬೋರ್ಡ್‌ನಲ್ಲೋ ನಿಂತವರಿಗೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ನಾವು ಗಂಟೆ ಲೆಕ್ಕದಲ್ಲಿ ಸುಸ್ತಾಗುತ್ತೇವೆ, ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ. ಡೀಸೆಲ್ ಗಾಡಿ ದುಡ್ಡು ವಾಪಸ್ ಕೊಡುವುದು ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ.

ಆದರೂ ಧಾರಾಳವಾಗಿಯೇ ಇರಲಿ ಅಂತ ತಿಂಗಳಿಗೆ 700 ಕಿ.ಮೀ. ಹಿಡಿದೆವು. ಪೇಟೆಯ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಗಾಡಿ ಲೀಟರಿಗೆ 11 ಕಿ.ಮೀ. ಕೊಡುತ್ತದೆ, ಡೀಸೆಲ್ 14 ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಇದು ನಾನು ಟ್ಯಾಂಕ್ ಫುಲ್ ಮಾಡಿ ಮಾಡಿ ಬರೆದಿಟ್ಟ ಪುಸ್ತಕದ ಲೆಕ್ಕ, ಕಂಪನಿಯವರ ಜಾಹೀರಾತಿನದಲ್ಲ. ಪೆಟ್ರೋಲ್‌ನಲ್ಲಿ ಕಿಲೋಮೀಟರ್‌ಗೆ 9 ರೂಪಾಯಿ 36 ಪೈಸೆ, ಡೀಸೆಲ್‌ನಲ್ಲಿ 6 ರೂಪಾಯಿ 50 ಪೈಸೆ. ಉಳಿತಾಯ 2 ರೂಪಾಯಿ 86 ಪೈಸೆ. ತಿಂಗಳಿಗೆ ಎರಡು ಸಾವಿರ. ಕಮ್ಮಿ ದುಡ್ಡೇನಲ್ಲ, ಒಪ್ಪುತ್ತೇನೆ. ಆದರೆ ಆ ಹೆಚ್ಚಿನ ಎರಡು ಲಕ್ಷವನ್ನು ಅವನು ಕೈಯಿಂದ ಕಟ್ಟುತ್ತಿಲ್ಲ, ಸಾಲ ಮಾಡುತ್ತಿದ್ದಾನೆ. ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಅಂದರೆ ಆ ಎರಡು ಲಕ್ಷಕ್ಕೇ ತಿಂಗಳಿಗೆ 4,150 ರೂಪಾಯಿ ಇಎಂಐ. ತಿಂಗಳಿಗೆ ಎರಡು ಸಾವಿರ ಉಳಿಸಲು ತಿಂಗಳಿಗೆ ನಾಲ್ಕು ಸಾವಿರ ಕಟ್ಟುವುದು. ಐದು ವರ್ಷ ಮುಗಿದಾಗ ಕಟ್ಟಿದ್ದು ಎರಡೂವರೆ ಲಕ್ಷದ ಹತ್ತಿರ, ಉಳಿಸಿದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಲೆಕ್ಕ ಸಮ ಆಗಲು ಹತ್ತು ವರ್ಷದ ಮೇಲೆ ಬೇಕು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವನು ಮಾತಾಡಲಿಲ್ಲ.

ಇನ್ನೂ ಸರ್ವೀಸ್, ರಿಪೇರಿ ಇದರಲ್ಲಿ ಸೇರಿಲ್ಲ. ನನ್ನ ಎರಡನೇ ಗಾಡಿಯ ಕತೆ ಇಲ್ಲಿಂದ ಶುರು.

2021ರಲ್ಲಿ ಹಳೇ ಡೀಸೆಲ್ ಮಾರಿ ಹೊಸ ಡೀಸೆಲ್ ತಗೊಂಡೆ. ಆಗ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಆದರೂ ಎಂಟು ವರ್ಷದ ಅಭ್ಯಾಸ, 2012ರ ಲೆಕ್ಕವನ್ನೇ ಹಿಡಿದುಕೊಂಡು ಹೋಗಿ ಬುಕ್ ಮಾಡಿದೆ. ಶೋರೂಂನಲ್ಲಿ ಯಾವ ಬಣ್ಣ ಬೇಕು ಅಂತ ಕೇಳಿದರು, ಯಾವ ಸೀಟ್ ಕವರ್ ಅಂತ ಕೇಳಿದರು, ಹಳೇ ಗಾಡಿ ಎಕ್ಸ್‌ಚೇಂಜ್ ಕೇಳಿದರು. ದಿನಾ ಎಷ್ಟು ದೂರ ಓಡಿಸುತ್ತೀರಿ, ಎಲ್ಲಿ ಓಡಿಸುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಆ ಗಾಡಿ ಮಾಡಿದ ಕೆಲಸ ಏನು ಅಂದರೆ ಬೆಳಗ್ಗೆ ಮಗಳನ್ನು ಅತ್ತಿಗುಪ್ಪೆ ಮೆಟ್ರೊಗೆ ಬಿಡುವುದು, ಸಂಜೆ ವಿಜಯನಗರದಲ್ಲಿ ತರಕಾರಿ ತರುವುದು, ವಾರಕ್ಕೊಮ್ಮೆ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಮೂರು ಕಿ.ಮೀ., ನಾಲ್ಕು ಕಿ.ಮೀ. ಎಂಜಿನ್ ಬಿಸಿಯಾಗುವ ಮುಂಚೆಯೇ ಆಫ್.

ಏಳೆಂಟು ತಿಂಗಳಿಗೆ ಮೀಟರ್ ಪಕ್ಕ ಒಂದು ಹಳದಿ ದೀಪ ಹೊತ್ತಿತು. ಡಿಪಿಎಫ್ ಅಂತೆ, ಅಂದರೆ ಮೊದಲು ಹೇಳಿದ ಮಸಿ ಹಿಡಿಯುವ ಫಿಲ್ಟರ್. ಆಗ ತಿಳಿದುಕೊಂಡಿದ್ದು ಇದು. ಡೀಸೆಲ್ ಉರಿದಾಗ ಬರುವ ಮಸಿಯನ್ನು ಈ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಆ ಮಸಿಯನ್ನು ಗಾಡಿಯೇ ಸುಟ್ಟು ಹಾಕಬೇಕು. ಅದಕ್ಕೆ ಫಿಲ್ಟರ್ ಒಳಗೆ ಸುಮಾರು 600 ಡಿಗ್ರಿ ಶಾಖ ಬೇಕು, ಆ ಶಾಖ ಬರಬೇಕಾದರೆ ಗಾಡಿ ಒಂದೇ ಸಮನೆ ಒಳ್ಳೇ ವೇಗದಲ್ಲಿ ಇಪ್ಪತ್ತು ನಿಮಿಷ, ಅರ್ಧ ಗಂಟೆ ಓಡಬೇಕು. ಹೈವೇಯಲ್ಲಿ ಓಡುವ ಗಾಡಿಗೆ ಇದು ಗೊತ್ತೇ ಆಗದಂತೆ ನಡೆದುಹೋಗುತ್ತದೆ. ನಮ್ಮ ಪೇಟೆಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಎಲ್ಲಿ ಓಡಿಸುವುದು? ಸುಡಲು ಶುರು ಮಾಡುತ್ತದೆ, ಅಷ್ಟರಲ್ಲಿ ಮನೆ ಬರುತ್ತದೆ, ಆಫ್ ಮಾಡುತ್ತೇವೆ. ಅರ್ಧಕ್ಕೆ ನಿಂತುಹೋಗುತ್ತದೆ. ಮಸಿ ಸುಡಲು ಅಂತ ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಉರಿಯದೆ ಇಳಿದು ಎಂಜಿನ್ ಆಯಿಲ್ ಜೊತೆ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ಸಮಯಕ್ಕೆ ಮುಂಚೆಯೇ ಬದಲಾಯಿಸಬೇಕು.

ಸರ್ವೀಸ್ ಸೆಂಟರ್‌ನವರು ಹೇಳಿದ ಪರಿಹಾರ, "ಸಾರ್, ಹೈವೇಯಲ್ಲಿ ಒಂದು ರೌಂಡ್ ಹಾಕ್ಕೊಂಡು ಬನ್ನಿ." ಹಾಕಿದೆ. ರಾತ್ರಿ ಹತ್ತು ಗಂಟೆಗೆ ಊಟ ಮಾಡಿ, ನೈಸ್ ರಸ್ತೆಗೆ ಟೋಲ್ ಕಟ್ಟಿ, ಯಾವ ಊರಿಗೂ ಹೋಗದೆ, ಯಾರನ್ನೂ ನೋಡದೆ, ಸುಮ್ನೆ ಮಸಿ ಸುಡಲಿಕ್ಕೆ ಅಂತ ಹೊಸೂರು ರಸ್ತೆಯವರೆಗೆ ಹೋಗಿ ವಾಪಸ್ ಬಂದೆ. ದೀಪ ಆರಿತು. ಒಂದೂವರೆ ತಿಂಗಳಿಗೆ ಮತ್ತೆ ಹೊತ್ತಿತು. ಮತ್ತೆ ಹೋದೆ. ಹೀಗೆ ಒಂದು ವರ್ಷ ಮಾಡಿದೆ. ಉಳಿಸಿದ ಡೀಸೆಲ್ ದುಡ್ಡು ಟೋಲ್‌ಗೆ, ಸುಮ್ನೆ ಓಡಿಸಿದ ಡೀಸೆಲ್‌ಗೆ ಹೋಯಿತು. ಕೊನೆಗೆ ಒಂದು ದಿನ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಗಾಡಿ ಎಳೆಯುವುದನ್ನೇ ಬಿಟ್ಟಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ತೆವಳುತ್ತಿತ್ತು. ಎಂಜಿನ್ ಹಾಳಾಗದಿರಲಿ ಅಂತ ಕಂಪ್ಯೂಟರ್ ತಾನೇ ಶಕ್ತಿ ಇಳಿಸುತ್ತದಂತೆ. ಹಿಂದೆ ಹಾರ್ನ್ ಹೊಡೆಯುವವರು, ಪಕ್ಕದಲ್ಲಿ ಗಾಬರಿಯಾಗಿ ಕೂತ ಅಮ್ಮ. ಅವತ್ತಿನ ಬೆವರು ನನಗೆ ಇನ್ನೂ ಮರೆತಿಲ್ಲ.

ಸರ್ವೀಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಜೋಡಿಸಿ ಬಲವಂತವಾಗಿ ಮಸಿ ಸುಡಿಸಿದರು, ಆಯಿಲ್ ಬದಲಾಯಿಸಿದರು, ಬಿಲ್ ಕೊಟ್ಟರು. ಮುಂದಿನ ಸಲ ಇದು ಕೆಲಸ ಮಾಡದಿದ್ದರೆ ಫಿಲ್ಟರೇ ಬದಲಾಯಿಸಬೇಕು, ಲಕ್ಷದ ಮೇಲೆ ಆಗುತ್ತದೆ ಅಂದರು. ಗಾಡಿ ವಾರಂಟಿಯಲ್ಲೇ ಇದೆಯಲ್ಲ ಅಂದೆ. "ಅದು ನೀವು ಓಡಿಸೋ ರೀತಿಯಿಂದ ಆಗಿರೋದು ಸಾರ್, ವಾರಂಟಿಗೆ ಬರಲ್ಲ" ಅಂದರು. ನಾನು ಹೇಗೆ ಓಡಿಸುತ್ತೇನೆ ಅಂತ ಮಾರುವಾಗ ಕೇಳದವರು ಕೆಟ್ಟಾಗ ಮಾತ್ರ ಹೇಳುತ್ತಾರೆ. ನನ್ನ ಸಿಟ್ಟು ಇರುವುದು ಅಲ್ಲಿ. ಎಂಜಿನ್ ಮೇಲೆ ಅಲ್ಲ.

ಒಂದು ವಿಷಯ ಗಮನಿಸಿ. ಕಿಲೋಮೀಟರ್ ಲೆಕ್ಕದಲ್ಲಿ ಡೀಸೆಲ್ ಜಾಸ್ತಿ ಉಳಿಸುವುದು ಪೇಟೆಯಲ್ಲೇ. ಮೇಲೆ ಹೇಳಿದ 2 ರೂಪಾಯಿ 86 ಪೈಸೆ ಪೇಟೆಯದು. ಹೈವೇಯಲ್ಲಿ ಪೆಟ್ರೋಲ್ ಗಾಡಿಯೂ ಚೆನ್ನಾಗಿ ಕೊಡುತ್ತದೆ. ಪೆಟ್ರೋಲ್ 16, ಡೀಸೆಲ್ 20 ಅಂತ ಹಿಡಿದರೆ ಉಳಿತಾಯ ಕಿಲೋಮೀಟರ್‌ಗೆ 1 ರೂಪಾಯಿ 89 ಪೈಸೆಗೆ ಇಳಿಯುತ್ತದೆ. ಅಂದರೆ ಎಲ್ಲಿ ಜಾಸ್ತಿ ಉಳಿಸುತ್ತದೋ ಅಲ್ಲೇ ಕೆಡುತ್ತದೆ, ಎಲ್ಲಿ ಕೆಡುವುದಿಲ್ಲವೋ ಅಲ್ಲಿ ಕಮ್ಮಿ ಉಳಿಸುತ್ತದೆ. ಆ ಕಮ್ಮಿ ಉಳಿತಾಯದಲ್ಲಿ ಎರಡು ಲಕ್ಷ ವಾಪಸ್ ಬರಬೇಕಾದರೆ ಕಿಲೋಮೀಟರ್ ತುಂಬಾ ಬೇಕು. ವರ್ಷಕ್ಕೆ 30 ಸಾವಿರ ಓಡಿಸುವವರಿಗೆ 56 ಸಾವಿರ ರೂಪಾಯಿ ಉಳಿಯುತ್ತದೆ, ಸಾಲದ ಬಡ್ಡಿ ಸೇರಿಸದಿದ್ದರೆ ನಾಲ್ಕು ವರ್ಷದ ಒಳಗೆ ಲೆಕ್ಕ ಚುಕ್ತಾ. 20 ಸಾವಿರ ಓಡಿಸುವವರಿಗೆ ಐದಾರು ವರ್ಷ. ಅದಕ್ಕಿಂತ ಕಮ್ಮಿ ಇದ್ದರೆ ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ಇನ್ನು ರಿಪೇರಿ. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಗಾಳಿಯನ್ನು ಹಿಂಡಿ ಹಿಂಡಿ ಬಿಸಿ ಮಾಡಿ ಅದಕ್ಕೆ ಎಣ್ಣೆ ಚಿಮ್ಮಿಸುವುದು. ಅದಕ್ಕೇ ಎಂಜಿನ್ ಗಟ್ಟಿಯಾಗಿರಬೇಕು, ಅದಕ್ಕೇ ಮೈಲೇಜ್ ಜಾಸ್ತಿ, ಒಂದು ಲೀಟರ್ ಡೀಸೆಲ್‌ನಲ್ಲಿ ಶಕ್ತಿಯೂ ಒಂದು ಲೀಟರ್ ಪೆಟ್ರೋಲ್‌ಗಿಂತ ಶೇ 10ಕ್ಕೂ ಮೇಲೆ ಹೆಚ್ಚು. ಆದರೆ ಅಷ್ಟು ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವ ಇಂಜೆಕ್ಟರ್, ಪಂಪ್ ಬಲು ಸೂಕ್ಷ್ಮ. ಒಂದು ಸಲ ನೀರು ಸೇರಿದ ಇಲ್ಲವೇ ಕಲಬೆರಕೆ ಡೀಸೆಲ್ ಬಿದ್ದರೆ ನಾಲ್ಕು ಇಂಜೆಕ್ಟರ್‌ಗೂ ಏಟು. ಟರ್ಬೊ, ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ವಾಪಸ್ ಕಳಿಸುವ ಇಜಿಆರ್ ವಾಲ್ವ್, ಭಾರದ ಕ್ಲಚ್, ಯಾವುದೂ ಸಣ್ಣ ಬಿಲ್ ಅಲ್ಲ. ಹಳೇ ಗಾಡಿಗಳಿಗೆ ಜೆ.ಸಿ. ರಸ್ತೆಯಲ್ಲಿ ಸುತ್ತಾಡಿದರೆ ಏನಾದರೊಂದು ಸಿಗುತ್ತಿತ್ತು, ನಮ್ಮ ಬೀದಿ ಮೆಕ್ಯಾನಿಕ್ ಹಾಕಿಕೊಡುತ್ತಿದ್ದರು. ಈಗಿನ ಬಿಎಸ್6 ಡೀಸೆಲ್ ನೋಡಿದರೆ ಅವರೇ, "ಸ್ವಾಮಿ, ಇದು ನನ್ನ ಕೈಲಿ ಆಗಲ್ಲ, ಕಂಪನಿಗೇ ಹೋಗಿ" ಅನ್ನುತ್ತಾರೆ.

ಪೆಟ್ರೋಲ್ ಗಾಡಿ ಅಪರಂಜಿ ಅಂತ ನಾನು ಹೇಳುತ್ತಿಲ್ಲ. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲ್‌ನ ಮೂರರಲ್ಲಿ ಎರಡು ಪಾಲು ಮಾತ್ರ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಅದಕ್ಕೆ ತಕ್ಕಂತೆ ಮಾಡದ ಹಳೇ ಗಾಡಿ ಇಟ್ಟುಕೊಂಡವರ ಗೊಣಗಾಟ ನ್ಯಾಯವಾದದ್ದೇ. ನಾನು 11 ಅಂತ ಹಿಡಿದಿದ್ದೂ ಈ ಎಥನಾಲ್ ಪೆಟ್ರೋಲ್ ಹಾಕಿಸಿಯೇ. ಸಿಎನ್‌ಜಿ, ಹೈಬ್ರಿಡ್, ಎಲೆಕ್ಟ್ರಿಕ್ ಬಗ್ಗೆ ಕೇಳುವವರೂ ಇದ್ದಾರೆ. ಅದು ಬೇರೆಯೇ ಲೆಕ್ಕ, ಓಡಿಸಿ ನೋಡದೆ ನಾನು ಮಾತಾಡುವುದಿಲ್ಲ.

ಮಾರುವಾಗ ಡೀಸೆಲ್‌ಗೆ ಒಳ್ಳೇ ಬೆಲೆ ಬರುತ್ತದೆ ಅನ್ನುವ ಮಾತೂ ಇದೆ. ಒಂದು ಕಾಲಕ್ಕೆ ನಿಜ. ದೆಹಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿಯ ಡೀಸೆಲ್ ಗಾಡಿಗಳು ಅಗ್ಗಕ್ಕೆ ಬೇರೆ ಊರುಗಳಿಗೆ ಬರತೊಡಗಿದವು. ನಮ್ಮಲ್ಲಿ ಆ ನಿಯಮ ಇಲ್ಲ. ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಹದಿನೈದು ವರ್ಷಕ್ಕೆ ಎಫ್‌ಸಿ ಮಾಡಿಸಿದರೆ ಮುಂದುವರಿಸಬಹುದು. ಆದರೆ ನಾಳೆ ಇಲ್ಲೂ ಬಂದರೆ ಅನ್ನುವ ಭಯ ಕೊಳ್ಳುವವರಿಗೆ ಇದ್ದೇ ಇದೆ. ದೆಹಲಿ ಗಾಡಿ ಅಗ್ಗ ಅಂತ ತರುವವರಿಗೂ ಒಂದು ಮಾತು. ಇಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮತ್ತೆ ರಿಜಿಸ್ಟ್ರೇಷನ್ ಮಾಡಿಸಬೇಕು, ನಮ್ಮ ರಾಜ್ಯದ ತೆರಿಗೆ ಕಟ್ಟಬೇಕು. ಅದನ್ನೂ ಸೇರಿಸಿ ಅಗ್ಗವೋ ಅಂತ ನೋಡಿ.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಆ ಮಸಿ ನಮ್ಮ ಮಕ್ಕಳ ಎದೆಗೆ ಹೋಗದಿರಲಿ ಅಂತ ತಾನೇ ಈ ಫಿಲ್ಟರ್ ಹಾಕಿಸಿದ್ದು. ಕಾಟ ತಾಳಲಾರದೆ ಕೆಲವರು ಗ್ಯಾರೇಜ್‌ನಲ್ಲಿ ಫಿಲ್ಟರ್ ಕೀಳಿಸಿ, ಕಂಪ್ಯೂಟರ್‌ಗೆ ಸುಳ್ಳು ಹೇಳಿಸಿ ಓಡಿಸುತ್ತಿದ್ದಾರೆ. ನನಗೂ ಒಬ್ಬರು ಆ ದಾರಿ ತೋರಿಸಿದರು. ಬೇಡ ಅಂದೆ. ದಯವಿಟ್ಟು ಯಾರೂ ಮಾಡಬೇಡಿ. ಸ್ಕೂಟರ್‌ನಲ್ಲಿ ಮಗು ಮುಂದೆ ನಿಲ್ಲಿಸಿಕೊಂಡು ಸಿಗ್ನಲ್‌ನಲ್ಲಿ ನಿಮ್ಮ ಸೈಲೆನ್ಸರ್ ಹಿಂದೆಯೇ ಯಾರೋ ನಿಂತಿರುತ್ತಾರೆ.

ಸಂಪಾದಕರಲ್ಲಿ ನನ್ನ ಕೋರಿಕೆ ಎರಡು. ದಿನಾ ಹಾಕುವ ಆ ಚೌಕದ ಪಕ್ಕ ವಾರಕ್ಕೊಮ್ಮೆಯಾದರೂ ಒಂದು ಸಣ್ಣ ಕೋಷ್ಟಕ ಹಾಕಿ. ವರ್ಷಕ್ಕೆ ಏಳು ಸಾವಿರ ಕಿ.ಮೀ. ಓಡಿಸುವವರಿಗೆ, ಹದಿನೈದು ಸಾವಿರದವರಿಗೆ, ಮೂವತ್ತು ಸಾವಿರದವರಿಗೆ ತೆರಿಗೆ, ಸಾಲದ ಬಡ್ಡಿ ಎಲ್ಲಾ ಸೇರಿ ಪೆಟ್ರೋಲ್ ಗಾಡಿ ಎಷ್ಟು ಬೀಳುತ್ತದೆ, ಡೀಸೆಲ್ ಎಷ್ಟು ಬೀಳುತ್ತದೆ ಅಂತ. ಲೀಟರ್ ದರ ನೋಡಿ ಗಾಡಿ ತೀರ್ಮಾನ ಮಾಡುವವರ ಕಣ್ಣಿಗೆ ಅದು ಅದೇ ಪುಟದಲ್ಲೇ ಬೀಳಬೇಕು. ಇನ್ನೊಂದು, ಡೀಸೆಲ್ ಗಾಡಿ ಮಾರುವ ಮುಂಚೆ ಶೋರೂಂನವರು ಡಿಪಿಎಫ್ ಬಗ್ಗೆ ಕನ್ನಡದಲ್ಲಿ, ಒಂದು ಹಾಳೆಯಲ್ಲಿ, ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು ಅಂತ ನಿಯಮ ಬರಲಿ, ಅದರ ಬಗ್ಗೆ ನಿಮ್ಮ ವರದಿಗಾರರು ಸಾರಿಗೆ ಇಲಾಖೆಯನ್ನು ಕೇಳಲಿ. ಗಾಡಿ ಜೊತೆ ಕೊಡುವ ದಪ್ಪ ಪುಸ್ತಕದಲ್ಲಿ ಎಲ್ಲೋ ಇಂಗ್ಲಿಷ್‌ನಲ್ಲಿ ಇದೆ ಅಂದರೆ ಸಾಕಾಗುವುದಿಲ್ಲ. ನಮ್ಮಮ್ಮನ ಥರ ಇನ್ನೊಬ್ಬರು ನಡುರಸ್ತೆಯಲ್ಲಿ ಗಾಬರಿಯಾಗಿ ಕೂರಬಾರದು.

ಬಾಮೈದ ಬುಕಿಂಗ್ ಮುಂದಕ್ಕೆ ಹಾಕಿದ್ದಾನೆ. ಈ ವಾರ ಪೆಟ್ರೋಲ್ ಗಾಡಿ ಓಡಿಸಿ ನೋಡಲು ಹೋಗುತ್ತಾನಂತೆ.

ನನ್ನ ಆ ಡೀಸೆಲ್ ಗಾಡಿಯನ್ನು ಹೋದ ವರ್ಷ ಸಕಲೇಶಪುರದ ಒಬ್ಬರು ಕೊಂಡರು. ಮಸಿ ವಿಷಯ ಒಂದೂ ಮುಚ್ಚಿಡದೆ ಹೇಳಿಯೇ ಕೊಟ್ಟೆ. ಅವರು ವಾರಕ್ಕೆ ಎರಡು ಸಲ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಿ ಬರುವವರು, ತುಂಬಾ ಲಗೇಜು, ನಾಲ್ಕು ಜನ. ಮೊನ್ನೆ ಇನ್ಶೂರೆನ್ಸ್ ಕಾಗದಕ್ಕೆ ಅಂತ ಫೋನ್ ಮಾಡಿದ್ದರು. ಘಾಟ್ ಹತ್ತುವಾಗ ಏನು ಎಳೆತ ಸಾರ್, ಟ್ಯಾಂಕ್ ಫುಲ್ ಮಾಡಿದರೆ ವಾರ ಪೂರ್ತಿ ಬಂಕ್ ಕಡೆ ನೋಡಲ್ಲ ಅಂದರು. ಆ ಹಳದಿ ದೀಪ ಎಷ್ಟು ಸಲ ಹೊತ್ತಿತು ಅಂತ ಕೇಳಿದೆ. "ಯಾವ ದೀಪ ಸಾರ್?" ಅಂದರು.

ಇಂತಿ,
ನಿಮ್ಮ ಪತ್ರಿಕೆಯ ಓದುಗ
ನಾಗರಭಾವಿ, ಬೆಂಗಳೂರು